ಹಿಂಬದಿ ಹಲಗೆ ಇಲ್ಲದ ಗೂಡುಗಳು: ಮೈಕ್ರೋಕಂಟ್ರೋಲರಿನೊಳಗಿನ ವಿಶೇಷ ರಿಜಿಸ್ಟರುಗಳು

ಫೆಬ್ರವರಿ ಮುಗಿಯುತ್ತ ಬಂದರೂ ಹೂಮಳೆ, ಅಂದರೆ ಕಾಫಿ ಗಿಡ ಹೂ ಬಿಡಲು ಬೇಕಾದ ಮಳೆ, ಬೀಳಲಿಲ್ಲವೆಂದರೆ ದಕ್ಷಿಣ ಕೊಡಗಿನ ರೋಬಸ್ಟಾ ಕಾಫಿ ತೋಟಗಳಲ್ಲಿ ಸ್ಪ್ರಿಂಕ್ಲರ್ ಶುರುವಾಗುತ್ತದೆ. ತ್ರೀ ಫೇಸ್ ಕರೆಂಟು ಎಷ್ಟು ಹೊತ್ತಿಗೆ ಬರುತ್ತದೆಂಬುದು ನಮ್ಮ ಕೈಯಲ್ಲಿಲ್ಲ. ರಾತ್ರಿ ಬಂದರೆ ರಾತ್ರಿಯೇ ಪಂಪ್ ಹಾಕಬೇಕು. ಆದರೆ ಕೆರೆದಂಡೆಯ ಪಂಪ್ ಹೌಸಿಗೆ ಹೋಗುವ ದಾರಿಯೂ ಆನೆ ನೀರಿಗಿಳಿಯುವ ದಾರಿಯೂ ಎಷ್ಟೋ ತೋಟಗಳಲ್ಲಿ ಒಂದೇ. ಈ ಕಾರಣಕ್ಕೇ ಈಗ ಸ್ಟಾರ್ಟರಿನ ಮಗ್ಗುಲಲ್ಲಿ ಒಂದು ಸಣ್ಣ ಪ್ಲಾಸ್ಟಿಕ್ ಪೆಟ್ಟಿಗೆ ಕೂತಿರುತ್ತದೆ. ಒಳಗೆ ಸಿಮ್ ಕಾರ್ಡ್. ಮನೆಯಿಂದ ಮಿಸ್ಡ್ ಕಾಲ್ ಕೊಟ್ಟರೆ ಪಂಪ್ ಹೊರಡುತ್ತದೆ.

ಪೊನ್ನಂಪೇಟೆ ಕಡೆಯ ಒಂದು ತೋಟದಲ್ಲಿ ಇಂಥದ್ದೊಂದು ಪೆಟ್ಟಿಗೆ ತೊಂದರೆ ಕೊಡತೊಡಗಿತು. ಕರೆಂಟು ಹೋಗಿ ಬಂದರೆ ಸಾಕು, ಯಾರೂ ಫೋನ್ ಮಾಡದಿದ್ದರೂ ಪಂಪ್ ತಾನಾಗಿ ಹೊರಡುತ್ತಿತ್ತು. ಒಂದು ರಾತ್ರಿಯಂತೂ ಬೆಳಗಿನವರೆಗೆ ಓಡಿ ಕೆರೆಯ ನೀರು ತಳ ಕಂಡಿತ್ತು. ಪಂಪ್ ನೋಡಿಕೊಳ್ಳುವವರು ನನಗೆ ಹೇಳಿದ್ದು ಹೀಗೆ: "ಕರೆಂಟು ಬಂದ ಕೂಡ್ಲೇ ಟಕ್ ಅಂತ ಒಂದು ಸದ್ದು ಅಣ್ಣ. ಆ ಸದ್ದು ಬಂತು ಅಂದ್ರೆ ಪಂಪ್ ಹೊರಟಿತು ಅಂತ್ಲೇ ಲೆಕ್ಕ." ಸ್ಟಾರ್ಟರ್ ಬಿಚ್ಚಿ ಪಾಯಿಂಟ್ ಉಜ್ಜಿದ್ದಾಯಿತು, ಸಿಮ್ ಬದಲಿಸಿದ್ದಾಯಿತು. ಪೆಟ್ಟಿಗೆ ಮಾಡಿಕೊಟ್ಟ ಹುಡುಗ ಬಂದು ಪ್ರೋಗ್ರಾಮಿನ ಮೊಟ್ಟಮೊದಲ ಸಾಲಿನಲ್ಲೇ ರಿಲೇ (ಸಣ್ಣ ಕರೆಂಟು ಕೊಟ್ಟರೆ ಟಕ್ ಎಂದು ಎಳೆದುಕೊಳ್ಳುವ ಸ್ವಿಚ್) ಆರಿಸುವ ಆಜ್ಞೆ ಬರೆದ. ಆದರೂ ಟಕ್ ಸದ್ದು ನಿಲ್ಲಲಿಲ್ಲ.

ಈ ಟಕ್ ಎಲ್ಲಿಂದ ಬರುತ್ತಿತ್ತೆಂದು ತಿಳಿಯಲು ಚಿಪ್ಪಿನೊಳಗಿನ ಒಂದು ಸಂಗತಿ ಗೊತ್ತಿರಬೇಕು. ಅದರ ಹೆಸರು ಸ್ಪೆಷಲ್ ಫಂಕ್ಷನ್ ರಿಜಿಸ್ಟರ್, ಚಿಕ್ಕದಾಗಿ ಎಸ್‌ಎಫ್‌ಆರ್. ಪಾಠದ ಪುಸ್ತಕದಲ್ಲಿ ಇದು ಉರುಹೊಡೆಯಬೇಕಾದ ಹೆಸರುಗಳ ಉದ್ದ ಪಟ್ಟಿಯಾಗಿ ಬರುವುದರಿಂದ ಎಷ್ಟೋ ಮಕ್ಕಳು ಇಲ್ಲೇ ಕೈಚೆಲ್ಲುತ್ತಾರೆ. ನಿಜಕ್ಕೂ ಒಳಗಿರುವ ವಿಚಾರ ಒಂದೇ, ಅದೂ ಸರಳವಾದದ್ದು.

ಪೆಟ್ಟಿಗೆಯೊಳಗೆ ಏನಿದೆ

ಮೈಕ್ರೋಕಂಟ್ರೋಲರ್ ಎಂದರೆ ಒಂದೇ ಚಿಪ್ಪಿನಲ್ಲಿ ಅಡಗಿಸಿಟ್ಟ ಪುಟ್ಟ ಕಂಪ್ಯೂಟರ್. ಲೆಕ್ಕ ಮಾಡುವ ಭಾಗ, ಪ್ರೋಗ್ರಾಂ ಉಳಿಯುವ ಜಾಗ, ತಾತ್ಕಾಲಿಕ ನೆನಪು, ಹೊರಗಿನ ತಂತಿಗಳಿಗೆ ಕೈಚಾಚುವ ಕಾಲುಗಳು, ಎಲ್ಲವೂ ಅದರಲ್ಲೇ. ವಾಷಿಂಗ್ ಮಷಿನ್, ಕಾಫಿಯ ತೇವಾಂಶ ಅಳೆಯುವ ಮೀಟರ್, ಸೋಲಾರ್ ಬೇಲಿಯ ಎನರ್ಜೈಸರ್ ಇವುಗಳಲ್ಲಿ ಸಾಮಾನ್ಯವಾಗಿ ಇಂಥದ್ದೊಂದು ಇರುತ್ತದೆ.

ನಮ್ಮ ಪೆಟ್ಟಿಗೆಯಲ್ಲಿದ್ದದ್ದು 8051 ವಂಶದ ಚಿಪ್. ಇದನ್ನು ಇಂಟೆಲ್ ಕಂಪನಿ 1980ರಲ್ಲಿ ಹೊರತಂದಿತು. 40 ಕಾಲು, 4 ಕಿಲೋಬೈಟ್ ಪ್ರೋಗ್ರಾಂ ಜಾಗ, 128 ಬೈಟ್ ನೆನಪು. ಇವತ್ತಿನ ಫೋನಿನ ಮುಂದೆ ಇದು ಸಾಸಿವೆ ಕಾಳು. ಆದರೂ ಬೇರೆ ಬೇರೆ ಕಂಪನಿಗಳು ಇದೇ ವಿನ್ಯಾಸದ ಚಿಪ್ಪುಗಳನ್ನು ಇಂದಿಗೂ ತಯಾರಿಸುತ್ತವೆ, ಕಾಲೇಜುಗಳಲ್ಲಿ ಮೊದಲ ಪಾಠ ಇದರ ಮೇಲೆಯೇ ನಡೆಯುವುದೂ ಉಂಟು. ಎಸ್‌ಎಫ್‌ಆರ್ ಕಲಿಯಲು ಇದಕ್ಕಿಂತ ಸಲೀಸಾದ ಚಿಪ್ ನನಗೆ ಕಂಡಿಲ್ಲ.

ಬಿಟ್, ಬೈಟ್, ಮತ್ತು ಹದಿನಾರರ ಲೆಕ್ಕ

ಬಿಟ್ ಎಂದರೆ ಒಂದು ಸ್ವಿಚ್ಚಿನಷ್ಟು ಮಾಹಿತಿ: ಇದೆ ಅಥವಾ ಇಲ್ಲ, 1 ಅಥವಾ 0. ಎಂಟು ಬಿಟ್ ಸೇರಿದರೆ ಒಂದು ಬೈಟ್. ಎಂಟು ಸ್ವಿಚ್ ಇರುವ ಬೋರ್ಡನ್ನು ನೆನೆಸಿಕೊಳ್ಳಿ. ಎಲ್ಲವೂ ಆಫ್ ಇದ್ದರೆ 0, ಎಲ್ಲವೂ ಆನ್ ಇದ್ದರೆ 255. ಒಟ್ಟು 256 ಬಗೆಯಲ್ಲಿ ಜೋಡಿಸಬಹುದು.

ಎಂಟು ಸೊನ್ನೆ–ಒಂದುಗಳನ್ನು ಪ್ರತಿಸಲ ಬರೆಯುವುದು ತಲೆನೋವು. ಅದಕ್ಕೆ ನಾಲ್ಕು ನಾಲ್ಕು ಬಿಟ್ಟುಗಳ ಎರಡು ಗುಂಪು ಮಾಡಿ ಒಂದೊಂದು ಗುಂಪಿಗೆ ಒಂದೊಂದು ಅಂಕಿ ಇಡುತ್ತಾರೆ. ನಾಲ್ಕು ಬಿಟ್ಟಿಗೆ ಹದಿನಾರು ಬಗೆ ಇರುವುದರಿಂದ 0ಯಿಂದ 9ರ ತನಕ ಅಂಕಿ, ಆಮೇಲೆ ಎ, ಬಿ, ಸಿ, ಡಿ, ಇ, ಎಫ್ ಎಂಬ ಅಕ್ಷರ. ಎಲ್ಲ ಸ್ವಿಚ್ಚೂ ಆನ್ ಎಂಬುದು ಈ ಬರಹದಲ್ಲಿ 'ಎಫ್‌ಎಫ್'. ಮುಂದೆ ಚಿಪ್ಪಿನ ವಿಳಾಸಗಳನ್ನೆಲ್ಲ ಈ ಹದಿನಾರರ ಲೆಕ್ಕದಲ್ಲೇ ಕೊಡುತ್ತೇನೆ.

ತೋಟದ ಆಫೀಸಿನ ಗೂಡುಗಳು

ಹಳೆಯ ತೋಟದ ಆಫೀಸುಗಳಲ್ಲಿ ಲೆಕ್ಕ ಬರೆಯುವ ರೈಟರ್ ಕೂರುವ ಮೇಜಿನ ಹಿಂದೆ ಮರದ ಗೂಡುಗಳ ಸಾಲು ಇರುತ್ತಿತ್ತು. ಚೆಕ್‌ರೋಲ್ (ಕೂಲಿಯಾಳುಗಳ ಹಾಜರಿ ಪುಸ್ತಕ) ಒಂದರಲ್ಲಿ, ಗೊಬ್ಬರದ ಲೆಕ್ಕ ಇನ್ನೊಂದರಲ್ಲಿ, ಕಾಫಿ ಮೂಟೆಯ ಚೀಟಿ ಮತ್ತೊಂದರಲ್ಲಿ. ಒಂದು ಗೂಡಿನಲ್ಲಿ ಚೀಟಿ ಇಟ್ಟರೆ ಅದು ಅಲ್ಲೇ ಇರುತ್ತದೆ. ನಾಳೆ ತೆಗೆದು ನೋಡಿದರೆ ಇಟ್ಟದ್ದೇ ಸಿಗುತ್ತದೆ. ಚಿಪ್ಪಿನ ಸಾಮಾನ್ಯ ನೆನಪು, ಅಂದರೆ ರ‍್ಯಾಮ್, ಹೀಗೆಯೇ. ಪ್ರತಿ ಗೂಡಿಗೂ ಒಂದು ನಂಬರ್, ಅದೇ ವಿಳಾಸ. ಒಂದೊಂದರಲ್ಲಿ ಒಂದು ಬೈಟ್.

ಈಗ ಆ ಸಾಲಿನಲ್ಲಿ ಕೆಲವು ಗೂಡುಗಳಿಗೆ ಹಿಂಬದಿಯ ಹಲಗೆ ಇಲ್ಲವೆಂದುಕೊಳ್ಳಿ. ಗೋಡೆ ಕೊರೆದು ಆಚೆಗೆ ತೂತು ಮಾಡಿದ್ದಾರೆ. ಆಚೆ ಬದಿಯಲ್ಲಿ ಒಬ್ಬೊಬ್ಬ ಕೆಲಸದವನು ಕಾದು ಕೂತಿದ್ದಾನೆ. ಒಂದು ಗೂಡಿನ ಹಿಂದೆ ಪಂಪಿನವನು, ಇನ್ನೊಂದರ ಹಿಂದೆ ಅಂಚೆಯವನು, ಮತ್ತೊಂದರ ಹಿಂದೆ ಗಡಿಯಾರ ನೋಡುವವನು. ರೈಟರ್ ಚೀಟಿ ಇಟ್ಟ ಕ್ಷಣವೇ ಆಚೆ ಕೆಲಸ ನಡೆದುಬಿಡುತ್ತದೆ. ಕೆಲವು ಸಲ ರೈಟರ್ ಏನೂ ಇಡದಿದ್ದರೂ ಗೂಡಿನಲ್ಲಿ ಹೊಸ ಚೀಟಿ ಬಂದಿರುತ್ತದೆ, ಏಕೆಂದರೆ ಆಚೆಯವನು ಇಟ್ಟಿದ್ದಾನೆ.

ಹಿಂಬದಿ ಹಲಗೆ ಇಲ್ಲದ ಈ ಗೂಡುಗಳೇ ಎಸ್‌ಎಫ್‌ಆರ್‌ಗಳು. ರೈಟರಿನ ಮಟ್ಟಿಗೆ ಎಲ್ಲ ಗೂಡೂ ಒಂದೇ. ಇಡುವ ರೀತಿ, ತೆಗೆಯುವ ರೀತಿ ಬೇರೆಯಿಲ್ಲ. ಚಿಪ್ಪಿನಲ್ಲೂ ಹಾಗೆಯೇ. ರ‍್ಯಾಮಿನ ವಿಳಾಸಕ್ಕೆ ಬೈಟ್ ಕಳಿಸುವ ಆಜ್ಞೆಯೇ ಎಸ್‌ಎಫ್‌ಆರಿನ ವಿಳಾಸಕ್ಕೂ ಸಾಕು. ಪಂಪ್ ಹಾಕಲು ಒಂದು ಆಜ್ಞೆ, ಎಸ್ಸೆಮ್ಮೆಸ್ ಕಳಿಸಲು ಇನ್ನೊಂದು ಎಂದು ಚಿಪ್ಪಿಗೆ ಕಲಿಸಬೇಕಿಲ್ಲ. ಸರಿಯಾದ ನಂಬರಿನ ಗೂಡಿಗೆ ಸರಿಯಾದ ಸಂಖ್ಯೆ ಹಾಕಿದರೆ ಆಯಿತು.

8051ರಲ್ಲಿ 00ಯಿಂದ 7ಎಫ್ ತನಕದ 128 ಗೂಡುಗಳು ಸಾಮಾನ್ಯ ರ‍್ಯಾಮ್. 80ರಿಂದ ಎಫ್‌ಎಫ್ ತನಕದ ಇನ್ನೊಂದು 128 ನಂಬರುಗಳು ಎಸ್‌ಎಫ್‌ಆರಿಗೆ ಮೀಸಲು. ಆದರೆ ಅವುಗಳಲ್ಲಿ ಬಳಕೆಯಲ್ಲಿರುವುದು 21 ಮಾತ್ರ. ಉಳಿದ ನಂಬರುಗಳಲ್ಲಿ ಗೂಡೇ ಇಲ್ಲ. ಅಲ್ಲಿ ಬರೆದದ್ದು ಕಳೆದುಹೋಗುತ್ತದೆ, ಓದಿದರೆ ಅರ್ಥವಿಲ್ಲದ ಸಂಖ್ಯೆ ಬರುತ್ತದೆ. ಹೀಗೆ ಖಾಲಿ ಬಿಟ್ಟದ್ದರಿಂದಲೇ ಮುಂದೆ ಬಂದ ಚಿಪ್ಪುಗಳಲ್ಲಿ ಹೊಸ ಕೆಲಸದವರನ್ನು ಕೂರಿಸಲು ಜಾಗ ಸಿಕ್ಕಿತು. ಇದರ ತಮ್ಮನಾದ 8052ರಲ್ಲಿ ಮೂರನೆಯ ಟೈಮರ್ (ಬಡಿತ ಎಣಿಸುವ ಭಾಗ) ಸೇರಿ ಬಳಕೆಯ ಗೂಡುಗಳು 26 ಆದವು.

ಪೋರ್ಟ್: ಬಿಟ್ಟೇ ತಂತಿಯಾಗುವ ಜಾಗ

ಎಲ್ಲಕ್ಕಿಂತ ಸುಲಭವಾಗಿ ಅರ್ಥವಾಗುವ ಎಸ್‌ಎಫ್‌ಆರ್ ಎಂದರೆ ಪೋರ್ಟ್. 90 ನಂಬರಿನ ಗೂಡಿನ ಹೆಸರು ಪಿ1, ಅಂದರೆ ಪೋರ್ಟ್ ಒಂದು. ಅದರ ಎಂಟು ಬಿಟ್ಟುಗಳಿಗೂ ಚಿಪ್ಪಿನ ಎಂಟು ಕಾಲುಗಳಿಗೂ ನೇರ ನಂಟು. ಒಂದು ಬಿಟ್ಟಿಗೆ 1 ಬರೆದರೆ ಆ ಕಾಲಿನಲ್ಲಿ 5 ವೋಲ್ಟ್, 0 ಬರೆದರೆ ಸೊನ್ನೆ ವೋಲ್ಟ್.

ನಡುವೆ ಯಾವ ಪ್ರೋಗ್ರಾಮೂ ಇಲ್ಲ ಎಂಬುದನ್ನು ಇಲ್ಲಿ ಗಟ್ಟಿಯಾಗಿ ಹಿಡಿದುಕೊಳ್ಳಬೇಕು. ಬಿಟ್ಟನ್ನು ಓದಿ 'ಓಹೋ, 1 ಇದೆ, ಕಾಲನ್ನು ಮೇಲೆತ್ತೋಣ' ಎಂದು ಯಾರೂ ಯೋಚಿಸುವುದಿಲ್ಲ. ಆ ಬಿಟ್ ಒಂದು ಲ್ಯಾಚ್, ಅಂದರೆ ಕೊಟ್ಟ ಸ್ಥಿತಿಯನ್ನು ಹಿಡಿದುಕೊಂಡೇ ಇರುವ ಪುಟ್ಟ ಸರ್ಕ್ಯೂಟ್. ಅದರಿಂದ ಹೊರಟ ತಂತಿ ಕರೆಂಟಿನಿಂದಲೇ ತೆರೆದು ಮುಚ್ಚುವ ಪುಟ್ಟ ಸ್ವಿಚ್ಚಾದ ಟ್ರಾನ್ಸಿಸ್ಟರಿಗೆ, ಟ್ರಾನ್ಸಿಸ್ಟರಿನಿಂದ ಕಾಲಿಗೆ. ಗೋಡೆಯ ಸ್ವಿಚ್ಚಿಗೂ ಬಲ್ಬಿಗೂ ಇರುವಷ್ಟೇ ನೇರ ಸಂಬಂಧ. ಸ್ವಿಚ್ಚನ್ನು ಒತ್ತುವುದು ಬೆರಳಲ್ಲ, ಒಂದು ಸಂಖ್ಯೆ ಅಷ್ಟೇ.

ಒಳಬರುವ ಸುದ್ದಿಗೂ ಇದೇ ಗೂಡು. ಕಾಲಿಗೆ ಹೊರಗಿನಿಂದ ಸ್ವಿಚ್ ಜೋಡಿಸಿದ್ದರೆ ಪಿ1 ಓದಿದಾಗ ಸ್ವಿಚ್ಚಿನ ಸ್ಥಿತಿ ಸಿಗುತ್ತದೆ. ಆದರೆ ಒಂದು ಷರತ್ತಿದೆ: ಓದಬೇಕಾದ ಬಿಟ್ಟಿಗೆ ಮೊದಲು 1 ಬರೆದಿರಬೇಕು. 0 ಬರೆದಿದ್ದರೆ ಒಳಗಿನ ಟ್ರಾನ್ಸಿಸ್ಟರ್ ಕಾಲನ್ನು ನೆಲಕ್ಕೆ ಬಿಗಿದು ಹಿಡಿದಿರುತ್ತದೆ, ಹೊರಗಿನವರು ಎಷ್ಟು ಎತ್ತಿದರೂ ಏಳುವುದಿಲ್ಲ. 1 ಬರೆದರೆ ಹಿಡಿತ ಸಡಿಲಾಗಿ ಒಳಗಿನ ಸಣ್ಣ ಎಳೆತವೊಂದು ಕಾಲನ್ನು ಮೇಲಿಟ್ಟಿರುತ್ತದೆ, ಹೊರಗಿನ ಸ್ವಿಚ್ ಅದನ್ನು ಸುಲಭವಾಗಿ ಕೆಳಗೆಳೆಯಬಹುದು. ಈ ಷರತ್ತು ಮುಂದೆ ಟಕ್ ಸದ್ದಿನ ಗುಟ್ಟು ಬಿಡಿಸುವಾಗ ಬೇಕಾಗುತ್ತದೆ.

ಎಂಟು ಕಾಲಿನಲ್ಲಿ ಒಂದನ್ನು ಮಾತ್ರ ಬದಲಿಸಬೇಕಾದಾಗ ಇಡೀ ಬೈಟ್ ಬರೆದರೆ ಉಳಿದ ಏಳರ ಗತಿ? ಇದಕ್ಕೆ 8051ರಲ್ಲಿ ಒಂದು ಅಂದವಾದ ಏರ್ಪಾಡಿದೆ. ಎಂಟರಿಂದ ನಿಶ್ಶೇಷವಾಗಿ ಭಾಗವಾಗುವ ನಂಬರಿನ ಎಸ್‌ಎಫ್‌ಆರ್ ಗೂಡುಗಳಲ್ಲಿ, ಅಂದರೆ ಹದಿನಾರರ ಲೆಕ್ಕದ 80, 88, 90, 98 ಹೀಗೆ, ಒಂದೊಂದು ಬಿಟ್ಟನ್ನೂ ಬೇರೆಯಾಗಿಯೇ ಮುಟ್ಟಬಹುದು. ಉಳಿದ ಎಸ್‌ಎಫ್‌ಆರ್ ಗೂಡುಗಳಲ್ಲಿ ಇಡೀ ಬೈಟನ್ನೇ ಬರೆಯಬೇಕು.

ಮಳೆ ಎಣಿಸುವ ಗೂಡು

ಕೊಡಗಿನವರು ಮಳೆಯನ್ನು ಇಂಚು ಮತ್ತು ಸೆಂಟಿನಲ್ಲಿ ಹೇಳುವವರು. ನೂರು ಸೆಂಟಿಗೆ ಒಂದು ಇಂಚು. ಬೆಳಿಗ್ಗೆ ಮಳೆಮಾಪಕದ ನೀರು ಅಳೆದು ಡೈರಿಯಲ್ಲಿ ಬರೆದಿಡುವ ರೂಢಿ ಎಷ್ಟೋ ಮನೆಗಳಲ್ಲಿ ತಲೆಮಾರುಗಳಿಂದ ಇದೆ. 2018ರ ಆಗಸ್ಟಿನ ಭೂಕುಸಿತಗಳಾದ ಮೇಲೆ ಮಳೆಯ ಅಂಕಿಯನ್ನು ನೋಡುವ ನಮ್ಮ ಕಣ್ಣೇ ಬದಲಾಯಿತು. ದಿನದ ಮೊತ್ತ ತಿಳಿದರೆ ಸಾಲದು, ಈ ಗಂಟೆಯಲ್ಲಿ ಎಷ್ಟು ಬಿತ್ತೆಂಬುದು ಬೇಕು. ಆ ಕೆಲಸ ಮಾಡುವುದು ತಾನಾಗಿ ಎಣಿಸುವ ಮಳೆಮಾಪಕ.

ಅದರೊಳಗೆ ತಕ್ಕಡಿಯಂತೆ ಎರಡು ಬದಿಯಿರುವ ಒಂದು ಪುಟ್ಟ ಬಟ್ಟಲಿದೆ. ಒಂದು ಬದಿ ತುಂಬಿದೊಡನೆ ಮಗುಚಿ ನೀರು ಚೆಲ್ಲುತ್ತದೆ, ಆಗ ಇನ್ನೊಂದು ಬದಿ ಮೇಲೆ ಬರುತ್ತದೆ. ಸಾಮಾನ್ಯವಾದ ಒಂದು ಅಳತೆಯಲ್ಲಿ ಒಂದು ಮಗುಚಿಗೆ 0.01 ಇಂಚು ಮಳೆ, ನಮ್ಮ ಭಾಷೆಯಲ್ಲಿ ಸರಿಯಾಗಿ ಒಂದು ಸೆಂಟು. ಮಿಲಿಮೀಟರಿನಲ್ಲಿ 0.254. ಬಟ್ಟಲಿಗೆ ಅಂಟಿಸಿದ ಅಯಸ್ಕಾಂತ ಮಗುಚುವಾಗ ಒಂದು ರೀಡ್ ಸ್ವಿಚ್ಚಿನ ಮುಂದೆ ಹಾದುಹೋಗುತ್ತದೆ. ಗಾಜಿನ ಕೊಳವೆಯೊಳಗಿನ ಎರಡು ತೆಳು ಎಸಳುಗಳು ಕ್ಷಣಕಾಲ ಒಂದನ್ನೊಂದು ಮುಟ್ಟಿ ಬಿಡುತ್ತವೆ.

ಈ ಸ್ವಿಚ್ಚನ್ನು 8051ರ ಒಂದು ನಿರ್ದಿಷ್ಟ ಕಾಲಿಗೆ, ಪಿ3 ಪೋರ್ಟಿನ 4ನೇ ಬಿಟ್ಟಿಗೆ, ಜೋಡಿಸಿದರೆ ಎಣಿಕೆ ತಾನಾಗಿ ನಡೆಯುತ್ತದೆ. ಕಾಲು ಮೇಲಿನಿಂದ ಕೆಳಗೆ ಬಿದ್ದಾಗಲೆಲ್ಲ ಟಿಎಲ್0 ಎಂಬ ಗೂಡಿನ ಸಂಖ್ಯೆ ಒಂದು ಏರುತ್ತದೆ. ಪ್ರೋಗ್ರಾಂ ಆ ಹೊತ್ತಿಗೆ ಬೇರೇನೋ ಮಾಡುತ್ತಿದ್ದರೂ ಎಣಿಕೆ ತಪ್ಪುವುದಿಲ್ಲ, ಏಕೆಂದರೆ ಎಣಿಸುವವನು ಗೋಡೆಯ ಆಚೆಗಿದ್ದಾನೆ. ಟಿಎಲ್0 255 ತಲುಪಿದ ಮೇಲೆ ಮುಂದಿನ ಮಗುಚಿಗೆ ಸೊನ್ನೆಗೆ ಮರಳಿ ಟಿಎಚ್0 ಎಂಬ ಮೇಲಿನ ಗೂಡನ್ನು ಒಂದು ಏರಿಸುತ್ತದೆ. ಎರಡೂ ಸೇರಿ 65,535ರ ತನಕ ಎಣಿಸಬಹುದು.

ಆದರೆ ಆಚೆಯವನಿಗೆ 'ಹೊರಗಿನ ಬಡಿತ ಎಣಿಸು' ಎಂದು ಮೊದಲು ಹೇಳಿರಬೇಕಲ್ಲ? ಅದಕ್ಕೆ ಇರುವುದು 89 ನಂಬರಿನ ಟಿಮೋಡ್. ಇದರಲ್ಲಿ ಸಂಖ್ಯೆಯ ಒಟ್ಟು ಬೆಲೆಗೆ ಅರ್ಥವಿಲ್ಲ, ಒಂದೊಂದು ಬಿಟ್ಟಿಗೂ ಅದರದೇ ಮಾತಿದೆ. ಹದಿನಾರರ ಲೆಕ್ಕದ 25 ಎಂಬ ಸಂಖ್ಯೆಯನ್ನು ಅಲ್ಲಿ ಬರೆದೆವೆನ್ನಿ. ಬಿಡಿಸಿದರೆ 0010 ಮತ್ತು 0101. ಬಲಗಡೆಯ ನಾಲ್ಕು ಬಿಟ್ ಮೊದಲ ಟೈಮರಿನವು, ಅಂದರೆ ಟಿಎಲ್0, ಟಿಎಚ್0 ಗೂಡುಗಳ ಹಿಂದೆ ಕೂತು ಎಣಿಸುವವನವು. ಎಡದಿಂದ ಓದಿ: 0 ಎಂದರೆ ಹೊರಗಿನ ಅನುಮತಿಗೆ ಕಾಯಬೇಡ, 1 ಎಂದರೆ ಹೊರಗಿನ ಬಡಿತ ಎಣಿಸು, ಕೊನೆಯ 01 ಎಂದರೆ ಎರಡೂ ಗೂಡು ಸೇರಿಸಿ ಹದಿನಾರು ಬಿಟ್ ಬಳಸು. ಎಡಗಡೆಯ 0010 ಎರಡನೆಯ ಟೈಮರಿನದು: ಅಲ್ಲಿ ಎಣಿಸಬೇಕಾದ್ದು ಚಿಪ್ಪಿನ ಒಳಬಡಿತ, ತುಂಬಿದಾಗಲೆಲ್ಲ ಮೊದಲಿನ ಸಂಖ್ಯೆಯಿಂದ ಮತ್ತೆ ಶುರು ಮಾಡಬೇಕು. ಒಂದೇ ಬೈಟಿನಲ್ಲಿ ಇಬ್ಬರಿಗೆ ಪೂರ್ತಿ ಆದೇಶ. ಆಮೇಲೆ 88 ನಂಬರಿನ ಟಿಕಾನ್ ಗೂಡಿನಲ್ಲಿ ಒಂದು ಬಿಟ್ ಏರಿಸಿದರೆ ಎಣಿಕೆ ಹೊರಡುತ್ತದೆ.

ಎಣಿಕೆಯಲ್ಲಿ ಎರಡು ಹೊಂಡಗಳಿವೆ. ಒಂದು, ರೀಡ್ ಸ್ವಿಚ್ಚಿನ ಎಸಳುಗಳು ಮುಟ್ಟಿದೊಡನೆ ಸುಮ್ಮನೆ ನಿಲ್ಲುವುದಿಲ್ಲ, ಸಣ್ಣಗೆ ಕುಣಿಯುತ್ತವೆ. ನಮ್ಮ ಕಣ್ಣಿಗೆ ಒಂದೇ ಮುಟ್ಟು, ಚಿಪ್ಪಿನ ಕಣ್ಣಿಗೆ ಹಲವು. ಸೆಕೆಂಡಿಗೆ ಲಕ್ಷಗಟ್ಟಲೆ ಬಡಿತ ಎಣಿಸಬಲ್ಲ ಗೂಡಿಗೆ ಇದು ಮೂರು ನಾಲ್ಕು ಸೆಂಟಾಗಿ ಕಾಣಬಹುದು. ಅದಕ್ಕೇ ಕಾಲಿನ ಬಳಿ ಒಂದು ರೆಸಿಸ್ಟರ್, ಒಂದು ಕೆಪಾಸಿಟರ್ ಹಾಕಿ ಆ ಕುಣಿತವನ್ನು ನುಣುಪಾಗಿಸುತ್ತಾರೆ.

ಎರಡನೆಯದು ಇನ್ನೂ ಮೋಸದ್ದು. ಚಿಪ್ ಒಂದು ಸಲಕ್ಕೆ ಒಂದೇ ಗೂಡು ಓದಬಲ್ಲದು. ಬೆಳಗಿನಿಂದ 255 ಸೆಂಟು ಮಳೆ ಬಿದ್ದಿದೆ ಎಂದುಕೊಳ್ಳಿ. ಜುಲೈಯಲ್ಲಿ ಮಡಿಕೇರಿ, ಭಾಗಮಂಡಲ ಕಡೆಗೆ ಎರಡೂವರೆ ಇಂಚು ಅಪರೂಪವೇನಲ್ಲ. ಪ್ರೋಗ್ರಾಂ ಮೇಲಿನ ಗೂಡು ಓದಿತು: 0. ಕೆಳಗಿನದನ್ನು ಓದುವಷ್ಟರಲ್ಲಿ ಬಟ್ಟಲು ಮಗುಚಿತು. ಕೆಳಗಿನ ಗೂಡು ಸೊನ್ನೆಗೆ ಮರಳಿತು, ಓದಿದ್ದೂ 0. ಎರಡೂವರೆ ಇಂಚು ಸುರಿದ ದಿನ 'ಮಳೆ ಇಲ್ಲ' ಎಂಬ ಸಂದೇಶ ಹೋಗುತ್ತದೆ. ಓದುವ ಸರದಿ ತಿರುಗಿಸಿದರೂ ಬಚಾವಿಲ್ಲ: ಕೆಳಗೆ 255, ಮೇಲೆ 1 ಸಿಕ್ಕಿ 511 ಸೆಂಟು ಎಂದಾಗುತ್ತದೆ. ಪರಿಹಾರ ಹೀಗಿದೆ: ಮೇಲಿನದು, ಕೆಳಗಿನದು, ಮತ್ತೆ ಮೇಲಿನದು ಎಂದು ಓದಬೇಕು. ಮೇಲಿನ ಎರಡು ಓದೂ ಹೊಂದದಿದ್ದರೆ ಮತ್ತೊಮ್ಮೆ ಓದಬೇಕು. ಕಲಿಯುವವರು ಹೆಚ್ಚಾಗಿ ಬಳಸುವ ಆರ್ಡುಯಿನೋ ಬೋರ್ಡಿನ ಚಿಪ್ಪಿನಲ್ಲಿ ಕೆಳಗಿನದನ್ನು ಓದಿದ ಕ್ಷಣದಲ್ಲೇ ಮೇಲಿನದರ ನಕಲನ್ನು ತೆಗೆದಿಡುವ ಏರ್ಪಾಡು ಇರುವುದರಿಂದ ಈ ಪಾಡಿಲ್ಲ. ಎಣಿಸುವವನು ಗೋಡೆಯಾಚೆ ತನ್ನ ಪಾಡಿಗೆ ಕೆಲಸ ಮಾಡುತ್ತಲೇ ಇರುತ್ತಾನೆ, ನಾವು ಓದುವ ಹೊತ್ತಿಗೆ ನಿಲ್ಲುವುದಿಲ್ಲ. ಎಸ್‌ಎಫ್‌ಆರಿನ ತೊಡಕುಗಳಲ್ಲಿ ಬಹುಪಾಲು ಹುಟ್ಟುವುದು ಇದನ್ನು ಮರೆತಾಗಲೇ.

ಅದೇ ಗೂಡು, ಗಡಿಯಾರವಾಗಿ

ಹೊರಗಿನ ಬಡಿತದ ಬದಲು ಒಳಗಿನ ಬಡಿತ ಎಣಿಸಿದರೆ ಟೈಮರ್ ಗಡಿಯಾರವಾಗುತ್ತದೆ. ಒಳಬಡಿತ ಕೊಡುವುದು ಕ್ರಿಸ್ಟಲ್ ಎಂಬ ಪುಟ್ಟ ಲೋಹದ ಡಬ್ಬಿ. ನಮ್ಮ ಪೆಟ್ಟಿಗೆಯ ಕ್ರಿಸ್ಟಲ್ ಮೇಲೆ 11.0592 ಮೆಗಾಹರ್ಟ್ಸ್ ಎಂದು ಕೊರೆದಿತ್ತು. 8051 ಇದನ್ನು ಹನ್ನೆರಡರಿಂದ ಭಾಗಿಸಿ ಎಣಿಸುವುದರಿಂದ ಸೆಕೆಂಡಿಗೆ 9,21,600 ಎಣಿಕೆ.

ಸೆಕೆಂಡಿನ ಇಪ್ಪತ್ತನೇ ಒಂದು ಪಾಲು ಬೇಕಾದರೆ 46,080 ಎಣಿಸಬೇಕು. ಎರಡು ಗೂಡು ಸೇರಿದ ಟೈಮರನ್ನು ಒಂದು ಕೊಡ, ಒಂದೊಂದು ಎಣಿಕೆಯನ್ನು ಒಂದು ಹನಿ ಎಂದುಕೊಂಡರೆ, ಕೊಡ ತುಂಬಿ ತುಳುಕಲು 65,536 ಹನಿ ಬೇಕು. ಮೊದಲೇ 19,456 ಹನಿ ತುಂಬಿಟ್ಟರೆ ಉಳಿದದ್ದು ಸರಿಯಾಗಿ 46,080. ಹಾಗಾಗಿ ಟಿಎಚ್0ಗೆ 76, ಟಿಎಲ್0ಗೆ 0 ಬರೆದು ಬಿಟ್ಟರೆ (76ನ್ನು 256ರಿಂದ ಗುಣಿಸಿ ನೋಡಿ) ಐವತ್ತು ಮಿಲಿಸೆಕೆಂಡಿಗೆ ಸರಿಯಾಗಿ ಕೊಡ ತುಳುಕುತ್ತದೆ. ತುಳುಕಿದ್ದಕ್ಕೆ ಗುರುತಾಗಿ ಟಿಕಾನಿನಲ್ಲಿ ಟಿಎಫ್0 ಎಂಬ ಬಿಟ್ ಏಳುತ್ತದೆ. ಇದನ್ನು ಫ್ಲಾಗ್ ಎನ್ನುತ್ತಾರೆ. ಇಂಥ ಇಪ್ಪತ್ತು ತುಳುಕಿಗೆ ಒಂದು ಸೆಕೆಂಡ್, 18,000 ತುಳುಕಿಗೆ ಕಾಲು ಗಂಟೆ.

ಫ್ಲಾಗ್ ಎದ್ದಿತೇ ಎಂದು ಪ್ರೋಗ್ರಾಂ ಆಗಾಗ ಇಣುಕಿ ನೋಡಬಹುದು. ಅದು ಗೇಟಿಗೆ ಯಾರಾದರೂ ಬಂದರೇ ಎಂದು ನಿಮಿಷಕ್ಕೊಮ್ಮೆ ಎದ್ದುಹೋದ ಹಾಗೆ. ಇನ್ನೊಂದು ದಾರಿ, ಜಗಲಿಯಲ್ಲಿ ನಾಯಿ ಕಟ್ಟುವುದು. ಬೊಗಳಿದಾಗ ಎದ್ದರಾಯಿತು. ಇದಕ್ಕೆ ಇಂಟರಪ್ಟ್ ಎಂದು ಹೆಸರು. ಎ8 ನಂಬರಿನ ಐಇ ಎಂಬ ಗೂಡಿನಲ್ಲಿ ಯಾವ ನಾಯಿ ಬೊಗಳಬಹುದು, ಯಾವುದು ಬಾಯಿ ಮುಚ್ಚಿರಬೇಕು ಎಂದು ಬಿಟ್ ಬಿಟ್ಟಾಗಿ ಬರೆದಿರುತ್ತದೆ. ಅದರ ಎಲ್ಲಕ್ಕಿಂತ ಎಡಗಡೆಯ ಬಿಟ್ಟನ್ನು 0 ಮಾಡಿದರೆ ಎಲ್ಲವೂ ಒಟ್ಟಿಗೆ ಸುಮ್ಮನಾಗುತ್ತವೆ.

ಒಂದು ನಂಬರ್, ಎರಡು ಗೂಡು

ಸಿಮ್ ಇರುವ ಮಾಡ್ಯೂಲಿನ ಜೊತೆ ಚಿಪ್ ಮಾತಾಡುವುದು 99 ನಂಬರಿನ ಎಸ್‌ಬಫ್ ಮೂಲಕ. ಇಲ್ಲೊಂದು ಬೆರಗಿದೆ. ಎಸ್‌ಬಫ್‌ನಲ್ಲಿ ಒಂದು ಅಕ್ಷರ ಬರೆದು, ಮರುಕ್ಷಣ ಅದನ್ನೇ ಓದಿದರೆ ಬರೆದದ್ದು ಸಿಗುವುದಿಲ್ಲ. ಆ ನಂಬರಿನ ಹಿಂದೆ ಇರುವುದು ಎರಡು ಬೇರೆ ಬೇರೆ ಗೂಡು. ಬರೆದದ್ದು ಹೊರಹೋಗುವ ಗೂಡಿಗೆ ಬಿದ್ದು ಒಂದೊಂದೇ ಬಿಟ್ಟಾಗಿ ತಂತಿಗಿಳಿಯುತ್ತದೆ. ಓದಿದ್ದು ಒಳಬಂದ ಅಕ್ಷರ ಕಾದು ಕೂತಿರುವ ಗೂಡಿನಿಂದ. ಅಂಚೆಪೆಟ್ಟಿಗೆಯ ಬಾಯಲ್ಲಿ ಕಾಗದ ಹಾಕಿ ಕೈಬಿಟ್ಟು ಹುಡುಕಿದರೆ ಊರಿಂದ ಬಂದ ಕಾಗದ ಕೈಗೆ ಸಿಕ್ಕಿದಂತೆ.

ಕ್ರಿಸ್ಟಲ್ ಮೇಲಿನ ಆ ವಿಚಿತ್ರ ಸಂಖ್ಯೆಗೂ ಉತ್ತರ ಇಲ್ಲೇ ಇದೆ. ಮಾಡ್ಯೂಲಿನ ಜೊತೆ ಸೆಕೆಂಡಿಗೆ 9,600 ಬಿಟ್ ವೇಗದಲ್ಲಿ ಮಾತಾಡಬೇಕು. 9,21,600ನ್ನು ಚಿಪ್ 32ರಿಂದ ಭಾಗಿಸಿದರೆ 28,800. ಎರಡನೆಯ ಟೈಮರನ್ನು 253ರಿಂದ ಶುರುಮಾಡಿದರೆ ಮೂರು ಎಣಿಕೆಗೊಮ್ಮೆ ತುಳುಕುತ್ತದೆ. 28,800ರ ಮೂರನೇ ಒಂದು ಪಾಲು, ಚೂರೂ ಹೆಚ್ಚುಕಮ್ಮಿಯಿಲ್ಲದೆ 9,600. ದುಂಡಗೆ 12 ಮೆಗಾಹರ್ಟ್ಸ್ ಕ್ರಿಸ್ಟಲ್ ಹಾಕಿದ್ದರೆ ಇದೇ ಲೆಕ್ಕ 10,417ಕ್ಕೆ ಹೋಗಿ ನಿಲ್ಲುತ್ತದೆ. ನೂರಕ್ಕೆ ಎಂಟೂವರೆ ಪಾಲು ಹೆಚ್ಚು ವೇಗ, ಆಚೆಯವರಿಗೆ ಒಂದಕ್ಷರವೂ ಸರಿಯಾಗಿ ಕೇಳಿಸುವುದಿಲ್ಲ. ರಿಪೇರಿಗೆ ಬಂದ ಬೋರ್ಡಿನಲ್ಲಿ ಕ್ರಿಸ್ಟಲ್ ಬದಲಿಸುವಾಗ 'ಹತ್ತಿರ ಹತ್ತಿರ ಇದ್ದರಾಯಿತು' ಎನ್ನಬಾರದೆಂದು ಹೇಳುವುದು ಇದಕ್ಕೇ.

ಒಂದೇ ಪೆಟ್ಟಿಗೆಯಲ್ಲಿ ಮಳೆಗೆ ಒಂದು ಟೈಮರ್, ಸಿಮ್ಮಿಗೆ ಒಂದು ಟೈಮರ್ ಕೊಟ್ಟರೆ 8051ರಲ್ಲಿ ಗಡಿಯಾರಕ್ಕೆ ಏನೂ ಉಳಿಯುವುದಿಲ್ಲ. 8052ರ ಮೂರನೆಯ ಟೈಮರಿನ ಬೆಲೆ ಆಗ ತಿಳಿಯುತ್ತದೆ.

ಬೇರೆ ಚಿಪ್ಪುಗಳಲ್ಲಿ

ಹೆಸರು, ನಂಬರ್ ಬದಲಾಗುತ್ತವೆ, ವಿಚಾರ ಅದೇ. ಆರ್ಡುಯಿನೋ ಊನೋ ಬೋರ್ಡಿನ ಎಟಿಮೆಗಾ328ಪಿ ಚಿಪ್ಪಿನಲ್ಲಿ ಒಂದು ಪೋರ್ಟಿಗೆ ಮೂರು ಗೂಡು: ಕಾಲು ಹೊರಮುಖವೋ ಒಳಮುಖವೋ ಎಂದು ಹೇಳಲು ಒಂದು, ಹೊರಗೆ ಕಳಿಸಲು ಒಂದು, ಓದಲು ಒಂದು. ಅಲ್ಲಿ ದಿಕ್ಕಿನ ಬಿಟ್ 1 ಆದರೆ ಹೊರಮುಖ. ಪಿಕ್ ಚಿಪ್ಪುಗಳಲ್ಲಿ ಇದು ತಿರುಗುಮುರುಗು, 1 ಆದರೆ ಒಳಮುಖ. ಒಂದರ ರೂಢಿಯಲ್ಲಿ ಇನ್ನೊಂದಕ್ಕೆ ಬರೆದರೆ ಎಲ್ಲವೂ ಉಲ್ಟಾ. ಎಸ್‌ಟಿಎಂ32ರಂಥ ದೊಡ್ಡ ಚಿಪ್ಪುಗಳಲ್ಲಿ ಕರೆಂಟು ಉಳಿಸಲೆಂದು ಒಂದೊಂದು ಭಾಗದ ಬಡಿತವನ್ನೂ ನಿಲ್ಲಿಸಿಟ್ಟಿರುತ್ತಾರೆ. ಮೊದಲು ಆ ಭಾಗಕ್ಕೆ ಬಡಿತ ಕೊಡುವ ಬಿಟ್ ಏರಿಸದಿದ್ದರೆ ಉಳಿದ ಗೂಡುಗಳಲ್ಲಿ ಏನು ಬರೆದರೂ ದಕ್ಕುವುದಿಲ್ಲ.

ಎಟಿಮೆಗಾದಲ್ಲಿ ಎದ್ದ ಟೈಮರ್ ಫ್ಲಾಗನ್ನು ಇಳಿಸಬೇಕಾದರೆ ಅದಕ್ಕೆ 1 ಬರೆಯಬೇಕು, 0 ಅಲ್ಲ. ಮೊದಲ ಸಲ ಕೇಳಿದಾಗ ತಪ್ಪು ಅಚ್ಚಾಗಿದೆ ಎನಿಸುತ್ತದೆ. ಕಾರಣ ಗಟ್ಟಿಯಾಗಿದೆ: ನಾನು ಇಳಿಸಬೇಕೆಂದ ಒಂದಕ್ಕೆ ಮಾತ್ರ 1, ಉಳಿದವಕ್ಕೆ 0. ನಾನು ಬರೆಯುವಷ್ಟರಲ್ಲಿ ಹೊಸದಾಗಿ ಎದ್ದ ಇನ್ನೊಂದು ಫ್ಲಾಗ್ ಇದ್ದರೆ ಅದು ಉಳಿದುಕೊಳ್ಳುತ್ತದೆ.

ಸಿ ಭಾಷೆಯಲ್ಲಿ ಪ್ರೋಗ್ರಾಂ ಬರೆಯುವವರು ಈ ಗೂಡುಗಳ ಹೆಸರಿನ ಹಿಂದೆ 'ವೊಲಟೈಲ್' ಎಂಬ ಪದ ಕಂಡಿರುತ್ತಾರೆ. ನಮ್ಮ ಬರಹವನ್ನು ಚಿಪ್ಪಿನ ಭಾಷೆಗೆ ತಿರುಗಿಸುವ ಕಂಪೈಲರ್ ಬಹಳ ಜಾಣ. ಒಂದು ಗೂಡನ್ನು ಆಗಲೇ ಓದಿದ್ದಾಗಿದೆ, ನಡುವೆ ನಾವು ಏನೂ ಬರೆದಿಲ್ಲ, ಮತ್ತೇಕೆ ಓದಬೇಕು ಎಂದು ಹಳೆಯ ಸಂಖ್ಯೆಯನ್ನೇ ಬಳಸಿಬಿಡಬಹುದು. ಹಿಂಬದಿ ಹಲಗೆ ಇರುವ ಗೂಡಿಗೆ ಅದು ಸರಿ. ಇಲ್ಲದ ಗೂಡಿಗೆ ಸರಿಯಲ್ಲ. 'ಇದರ ಹಿಂದೆ ಹಲಗೆಯಿಲ್ಲ, ಪ್ರತಿಸಲ ಹೋಗಿ ನೋಡು' ಎಂದು ಹೇಳುವ ಪದವೇ ವೊಲಟೈಲ್.

ಟಕ್ ಎಲ್ಲಿಂದ ಬಂತು

ಈಗ ಪೊನ್ನಂಪೇಟೆಯ ಪೆಟ್ಟಿಗೆಗೆ ಬರೋಣ. ಕರೆಂಟು ಬಂದ ಕ್ಷಣ ಎಸ್‌ಎಫ್‌ಆರ್‌ಗಳಲ್ಲಿ ಏನಿರಬೇಕೆಂದು ಚಿಪ್ ತಯಾರಿಸುವಾಗಲೇ ಗೊತ್ತುಮಾಡಿರುತ್ತಾರೆ. ಇದನ್ನು ರಿಸೆಟ್ ಬೆಲೆ ಎನ್ನುತ್ತಾರೆ. 8051ರಲ್ಲಿ ಹೆಚ್ಚಿನ ಗೂಡುಗಳು ಸೊನ್ನೆಯಿಂದ ಏಳುತ್ತವೆ, ಆದರೆ ನಾಲ್ಕು ಪೋರ್ಟುಗಳು ಏಳುವುದು ಎಫ್‌ಎಫ್‌ನಿಂದ. ಅಂದರೆ ಎಲ್ಲ ಕಾಲುಗಳೂ 1. ಓದಬೇಕಾದರೆ ಮೊದಲು 1 ಬರೆದಿರಬೇಕು ಎಂಬ ಷರತ್ತು ನೆನಪಿದೆಯಲ್ಲ? ಯಾವ ಕಾಲಿಗೆ ಹೊರಗಿನಿಂದ ಏನು ಜೋಡಿಸಿದ್ದಾರೋ ಗೊತ್ತಿಲ್ಲದ ಹೊತ್ತಿನಲ್ಲಿ ಎಲ್ಲವನ್ನೂ ಓದುವ ಸ್ಥಿತಿಯಲ್ಲಿಡುವುದೇ ಕ್ಷೇಮ. ಚಿಪ್ಪಿನವರ ಆಯ್ಕೆಯಲ್ಲಿ ತಪ್ಪಿಲ್ಲ.

ಪೆಟ್ಟಿಗೆಯಲ್ಲಿ ರಿಲೇಯನ್ನು ಪಿ1ರ ಒಂದು ಕಾಲಿಗೆ ಟ್ರಾನ್ಸಿಸ್ಟರ್ ಮೂಲಕ ಜೋಡಿಸಿದ್ದರು. 1 ಆದರೆ ರಿಲೇ ಎಳೆದುಕೊಳ್ಳುತ್ತದೆ. ಚಿಪ್ಪಿನ ಒಳಗಿನ ಎಳೆತ ಸಣ್ಣದೆಂದು ಹೊರಗಿನಿಂದ 5 ವೋಲ್ಟಿಗೆ ಒಂದು ರೆಸಿಸ್ಟರನ್ನೂ ಕೊಟ್ಟಿದ್ದರು. ಕರೆಂಟು ಬಂದಾಗ ಕಾಲು 1, ರಿಲೇ ಟಕ್.

ಪ್ರೋಗ್ರಾಮಿನ ಮೊದಲ ಸಾಲಿನಲ್ಲೇ 0 ಬರೆದರೂ ಏಕೆ ನಿಲ್ಲಲಿಲ್ಲ? ಆ ಮೊದಲ ಸಾಲಿಗಿಂತ ಮುಂಚೆಯೇ ಟಕ್ ಆಗಿಹೋಗಿರುತ್ತಿತ್ತು. ಕರೆಂಟು ಬಂದ ಕೂಡಲೇ ಚಿಪ್ ಓಡುವುದಿಲ್ಲ. ಚಿಪ್ಪನ್ನು ಆರಂಭದ ಸ್ಥಿತಿಯಲ್ಲಿ ತಡೆದಿಡುವ ರಿಸೆಟ್ ಕಾಲಿನಲ್ಲಿ 10 ಮೈಕ್ರೋಫ್ಯಾರಡ್ ಕೆಪಾಸಿಟರ್, 10 ಕಿಲೋಓಮ್ ರೆಸಿಸ್ಟರ್ ಇದ್ದವು. ಎರಡೂ ಸೇರಿ ಚಿಪ್ಪನ್ನು ಸುಮಾರು ಸೆಕೆಂಡಿನ ಹತ್ತನೇ ಒಂದು ಪಾಲು ರಿಸೆಟ್ಟಿನಲ್ಲೇ ಹಿಡಿದಿಡುತ್ತವೆ. ಅಷ್ಟು ಹೊತ್ತೂ ಪ್ರೋಗ್ರಾಂ ನಿದ್ದೆಯಲ್ಲಿ, ಪೋರ್ಟ್ ಎಫ್‌ಎಫ್‌ನಲ್ಲಿ. ಸಣ್ಣ ರಿಲೇಗೆ ಎಳೆದುಕೊಳ್ಳಲು ಅದರ ಹತ್ತನೇ ಒಂದು ಪಾಲು ಸಮಯ ಸಾಕು. ಆ ರಿಲೇ ಇದ್ದದ್ದು ಸ್ಟಾರ್ಟರಿನ ಹಸಿರು ಬಟನ್ನಿಗೆ ಅಡ್ಡಲಾಗಿ, ಅಂದರೆ ರಿಲೇ ಎಳೆದುಕೊಂಡರೆ ಆ ಬಟನ್ ಒತ್ತಿದಂತೆಯೇ. ಹಸಿರು ಬಟನ್ ಒಂದು ಕ್ಷಣ ಒತ್ತಿ ಬಿಟ್ಟರೂ ಸ್ಟಾರ್ಟರ್ ತನ್ನನ್ನು ತಾನೇ ಹಿಡಿದುಕೊಳ್ಳುತ್ತದೆ, ಕೆಂಪು ಒತ್ತುವವರೆಗೂ ಬಿಡುವುದಿಲ್ಲ. ಕೆಂಪು ಬಟನ್ ಕೈಯಲ್ಲೇ ಒತ್ತಬೇಕಿತ್ತು. ರಾತ್ರಿ ಅಲ್ಲಿ ಯಾರಿದ್ದರು?

ಹುಡುಗ ಬರೆದ ಸಾಲಿನಲ್ಲಿ ದೋಷವಿರಲಿಲ್ಲ. ಬರಹದಿಂದ ಸರಿಹೋಗುವ ಸಂಗತಿ ಇದಾಗಿರಲಿಲ್ಲ, ಅಷ್ಟೇ. ತಂತಿ ತಿರುಗಿಸಬೇಕಿತ್ತು.

ನಾನೂ ಆ ಹುಡುಗನೂ ಕೂತು ಹೊರಗಿನ ರೆಸಿಸ್ಟರನ್ನೂ ಆ ಟ್ರಾನ್ಸಿಸ್ಟರನ್ನೂ ತೆಗೆದೆವು. ಬದಲಿಗೆ ಒಂದು ಆಪ್ಟೋಕಪ್ಲರ್ ಹಾಕಿದೆವು: ಒಳಗೊಂದು ಪುಟ್ಟ ದೀಪ, ಅದರ ಬೆಳಕು ಬಿದ್ದಾಗ ಮಾತ್ರ ಆಚೆ ಕರೆಂಟು ಹರಿಯುವ ಬಿಡಿಭಾಗ. ದೀಪದ ಒಂದು ತುದಿ ರೆಸಿಸ್ಟರ್ ಮೂಲಕ 5 ವೋಲ್ಟಿಗೆ, ಇನ್ನೊಂದು ತುದಿ ಚಿಪ್ಪಿನ ಕಾಲಿಗೆ. ಈಗ ಕಾಲು 1 ಇದ್ದರೆ ದೀಪಕ್ಕೆ ಕರೆಂಟು ಹರಿಯಲು ದಾರಿಯಿಲ್ಲ, 0 ಆದರೆ ಮಾತ್ರ ಉರಿಯುತ್ತದೆ. ಪ್ರೋಗ್ರಾಮಿನಲ್ಲಿ ಹುಡುಗ ಪಂಪ್ ಹಾಕುವ ಜಾಗದಲ್ಲಿ 1 ಇದ್ದದ್ದನ್ನು 0, ಬಿಡುವ ಜಾಗದಲ್ಲಿ 0 ಇದ್ದದ್ದನ್ನು 1 ಮಾಡಿದ. ಕ್ರಿಸ್ಟಲ್ ಮಿಡಿಯಲು ಶುರುವಾಗುವ ಮುಂಚಿನ ಕೆಲವೇ ಮಿಲಿಸೆಕೆಂಡು ಕಾಲುಗಳ ಸ್ಥಿತಿ ಹೀಗೇ ಇರುತ್ತದೆಂದು ಹೇಳಲಾಗದು. ಅದಕ್ಕಾಗಿ ಹೊರಡುವ ಮುನ್ನ ಚೆನ್ನಾಗಿ ಪರೀಕ್ಷೆ ಮಾಡಿ ನೋಡಿದೆವು.

ಮೇನ್ ಸ್ವಿಚ್ಚನ್ನು ಹತ್ತು ಸಲ ತೆಗೆದು ಹಾಕಿದೆವು. ಹತ್ತು ಸಲವೂ ಪೆಟ್ಟಿಗೆಯ ಹಸಿರು ದೀಪ ಹೊತ್ತಿತು, ರಿಲೇಯಿಂದ ಸದ್ದಿಲ್ಲ. ಪಂಪ್ ನೋಡಿಕೊಳ್ಳುವವರು ಸ್ಟಾರ್ಟರಿನ ಮುಚ್ಚಳದ ಮೇಲೆ ಅಂಗೈ ಇಟ್ಟು ಕಾದರು, ಏನೂ ಆಗಲಿಲ್ಲ. ಆಮೇಲೆ ಜೇಬಿನಿಂದ ಫೋನ್ ತೆಗೆದು ಒಂದು ಮಿಸ್ಡ್ ಕಾಲ್ ಕೊಟ್ಟರು. ಟಕ್ ಎಂದಿತು, ಕೆರೆಯಾಚೆಯ ಏರಿಯಲ್ಲಿ ಸ್ಪ್ರಿಂಕ್ಲರುಗಳು ಒಂದೊಂದಾಗಿ ಎದ್ದವು.